ಯಂತ್ರಾನುವಾದಕ್ಕೂ ಮೇಷ್ಟ್ರು ಬೇಕು

ಮಾನ್ಯರೇ,

ಯಂತ್ರಾನುವಾದ ಬಂದ ಮೇಲೆ ಭಾಷಾಂತರ ಓದಿದವರಿಗೆ ಕೆಲಸವೆಲ್ಲಿ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೆಲಸ ಹೆಚ್ಚಿದೆ, ಹುದ್ದೆಗಳೇ ಇಲ್ಲ. ಕಾನ್ಪುರ ಐಐಟಿಯಲ್ಲಿ 1980ರ ದಶಕದಲ್ಲಿ ಮೊಳೆತ ‘ಅನುಸಾರಕ’ ಯೋಜನೆ ಕನ್ನಡದಿಂದ ಹಿಂದಿಗೆ ಅನುವಾದಿಸುವ ವ್ಯವಸ್ಥೆಯನ್ನೂ ರೂಪಿಸಿತ್ತು. ಪಾಣಿನಿಯ ವ್ಯಾಕರಣವನ್ನೂ ಕಂಪ್ಯೂಟರನ್ನೂ ಬಲ್ಲವರು ಅದನ್ನು ಕಟ್ಟಿದರು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಿದೆ. ರಾಷ್ಟ್ರೀಯ ಅನುವಾದ ಮಿಷನ್ ಅಲ್ಲೇ ಇದೆ. 2022ರಲ್ಲಿ ಕೇಂದ್ರ ಸರ್ಕಾರದ ಯಂತ್ರಾನುವಾದ ವೇದಿಕೆ ‘ಭಾಷಿಣಿ’ಯೂ ಬಂತು.

ಇಂಥ ವ್ಯವಸ್ಥೆಗಳ ಹಿಂದಿನ ದುಡಿಮೆಯನ್ನು ಹತ್ತಿರದಿಂದ ನೋಡಬೇಕು. ಒಂದು ಕಡೆ ಇಂಗ್ಲಿಷ್ ವಾಕ್ಯ, ಪಕ್ಕದಲ್ಲಿ ಯಂತ್ರ ಕೊಟ್ಟ ಕನ್ನಡ. ವಿಭಕ್ತಿ ತಪ್ಪಿದೆಯೇ, ಕರ್ತೃ ಅದಲುಬದಲಾಗಿದೆಯೇ, ‘ಇಲ್ಲ’, ‘ಬಾರದು’ ಎಂಬಂಥ ನಿಷೇಧ ಬಿಟ್ಟುಹೋಗಿದೆಯೇ ಎಂದು ಸಾಲು ಸಾಲಿಗೂ ಗುರುತು ಹಾಕಬೇಕು. ಔಷಧದ ಸೂಚನೆಯಲ್ಲಿ ನಿಷೇಧವೊಂದು ಬಿಟ್ಟುಹೋದರೆ ಜೀವಕ್ಕೇ ಕುತ್ತು! ವ್ಯಾಕರಣ ಚೆನ್ನಾಗಿ ಬಲ್ಲವರಿಗೇ ಇದು ಕಷ್ಟ. ಇದು ಸಂಶೋಧನೆಯೇ ಹೌದು. ಆದರೆ ಪ್ರಕಟಿತ ಪ್ರಬಂಧಕ್ಕಿರುವ ಮನ್ನಣೆ ಇದಕ್ಕೆ ಸಿಗುತ್ತಿಲ್ಲ.

ಕನ್ನಡ ಮತ್ತು ಕಂಪ್ಯೂಟರ್ ವಿಭಾಗಗಳ ಅಧ್ಯಾಪಕರು ಜಂಟಿಯಾಗಿ ಪಿಎಚ್‌.ಡಿ. ಮಾರ್ಗದರ್ಶನ ಮಾಡಲು ನಮ್ಮ ವಿಶ್ವವಿದ್ಯಾಲಯಗಳು ಅವಕಾಶ ಕೊಡಲಿ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಳ್ಳದೆ, ಭಾಷಾ ತಂತ್ರಜ್ಞಾನ ಬೋಧಿಸುವವರಿಗೆ ಕಾಯಂ ಹುದ್ದೆ ಸೃಷ್ಟಿಸುವಂತೆ ಉನ್ನತ ಶಿಕ್ಷಣ ಸಚಿವರನ್ನು ಒತ್ತಾಯಿಸುತ್ತೇನೆ.

– ಭಾಷಾಂತರ ಅಧ್ಯಾಪಕಿ, ಮೈಸೂರು