ಮಗಳಿಗೊಂದು ಪತ್ರ: ಆ ಕಡೆ ಯಾರಿದ್ದಾರೆ?

ಪುಟ್ಟಿ,

ನಿನ್ನ ಕಾದಂಬರಿ ಓದಿ ಮುಗಿಸ್ದೆ ಕಣೇ. ಫೋನಲ್ಲಿ ಚೆನ್ನಾಗಿದೆ ಅಂತಷ್ಟೇ ಹೇಳಿ ಇಟ್ಬಿಟ್ಟೆ, ಆದ್ರೆ ಹೇಳೋದು ತುಂಬಾ ಇದೆ, ಫೋನಲ್ಲಾದ್ರೆ ನೀನು ನಡುನಡುವೆ ಮಾತಾಡ್ತೀಯ ನಂಗೆ ಎಳೆ ತಪ್ಪೋಗತ್ತೆ, ಅದಕ್ಕೇ ಬರೀತಿದೀನಿ, ಸಮಾಧಾನವಾಗಿ ಓದು.

2045ರ ಬೆಂಗಳೂರು ನಂಬೋ ಹಾಗಿದೆ. ಹೆಬ್ಬಾಳದ ಇಪ್ಪತ್ತನೇ ಫ್ಲೋರಿನ ಮನೆ, ಟ್ಯಾಂಕರ್ ನೀರಿಗೆ ಆ್ಯಪಲ್ಲಿ ಕ್ಯೂ, ಡ್ರೈವರ್ ಇಲ್ಲದ ಮೆಟ್ರೋ (ಅದೇನು ದೂರ ಇಲ್ಲ ಬಿಡು, 2025ರಲ್ಲಿ ಆರ್.ವಿ. ರೋಡಿಂದ ಬೊಮ್ಮಸಂದ್ರಕ್ಕೆ ಶುರುವಾದ ಹಳದಿ ಲೈನಿನ ರೈಲುಗಳನ್ನೇ ಡ್ರೈವರ್ ಇಲ್ದೆ ಓಡೋ ಥರ ಮಾಡಿದಾರೆ), ಇಷ್ಟೆಲ್ಲಾ ಆದ್ಮೇಲೂ ಗಾಂಧಿ ಬಜಾರಲ್ಲಿ ಹೂವಿನೋಳು ಕೈಯಲ್ಲೇ ಮೊಳ ಅಳೆದು ಕೊಡ್ತಾಳೆ ಅಂತ ಬರ್ದಿದೀಯಲ್ಲ, ಅದು ನಂಗೆ ತುಂಬಾ ಇಷ್ಟ ಆಯ್ತು.

ಗಂಡ ಹೋದ್ಮೇಲೆ ಅವನ ವಾಟ್ಸಾಪ್ ಮೆಸೇಜು, ವಾಯ್ಸ್ ನೋಟು ಎಲ್ಲಾ ಕೊಟ್ಟು ಅವನ ಥರಾನೇ ಮಾತಾಡೋ ಒಂದು ಯಂತ್ರ ಮಾಡಿಸ್ಕೊಂಡು ನಿನ್ನ ನಾಯಕಿ ಬದುಕ್ತಾಳೆ. ರಾತ್ರಿ ಅದು ಅವನ ದನೀಲಿ "ಊಟ ಆಯ್ತಾ" ಅಂತ ಕೇಳ್ದಾಗ ನಂಗೆ ಅಳು ತಡೆಯೋಕಾಗ್ಲಿಲ್ಲ. ಹೀಗೆಲ್ಲ ಎಲ್ಲಾಗತ್ತೆ ಅಂತ ಯಾರಾದ್ರೂ ನಿನ್ನ ಕೇಳಿದ್ರೆ ತಲೆ ಕೆಡಿಸ್ಕೋಬೇಡ, ಆಗ್ಲೇ ಆಗಿದೆ. ರಷ್ಯಾದಿಂದ ಅಮೆರಿಕಕ್ಕೆ ಹೋದ ಯೂಜೀನಿಯಾ ಕುಯ್ಡಾ ಅನ್ನೋ ಹೆಣ್ಮಗಳು, 2015ರಲ್ಲಿ ಆಕ್ಸಿಡೆಂಟಲ್ಲಿ ತೀರ್ಕೊಂಡ ಸ್ನೇಹಿತನ ಮೆಸೇಜುಗಳನ್ನ ಸೇರಿಸಿ ಅವನ ಹಾಗೆ ಉತ್ತರ ಕೊಡೋ ಚಾಟ್‌ಬಾಟ್ ಮಾಡಿದ್ಲು. ಅದಕ್ಕೂ ಎಷ್ಟೋ ಮುಂಚೆ, 1966ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅಂತ ಒಂದು ಪ್ರೋಗ್ರಾಂ ಬರೆದಿದ್ರು, ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ನಮಗೇ ಪ್ರಶ್ನೆ ಕೇಳೋದು ಅದು, ಅಷ್ಟೇ. ಅವರು ಅದನ್ನ ಮಾಡೋದನ್ನ ತಿಂಗಳುಗಟ್ಟಲೆ ಕಣ್ಣಾರೆ ನೋಡಿದ ಅವರ ಸೆಕ್ರೆಟರಿನೇ ಅದರ ಜೊತೆ ಸ್ವಲ್ಪ ಹೊತ್ತು ಮಾತಾಡಿ, ನೀವು ಸ್ವಲ್ಪ ಆಚೆ ಹೋಗ್ತೀರಾ ಅಂತ ಅವರಿಗೇ ಹೇಳಿದ್ಲಂತೆ. ಅವರಿಗೆ ಅದು ಎಷ್ಟು ತಟ್ಟಿತು ಅಂದ್ರೆ ಆಮೇಲೆ ಇಂಥ ಯಂತ್ರಗಳ ಬಗ್ಗೆ ಎಚ್ಚರಿಕೆ ಹೇಳ್ತಾನೇ ಬದುಕಿದ್ರು. ನಂಗೆ ಆ ಸೆಕ್ರೆಟರಿ ಬಗ್ಗೆ ಗೌರವ ಇದೆ ಪುಟ್ಟಿ. ಯಾರಾದ್ರೂ ನಮ್ಮ ಮಾತು ಕೇಳಿಸ್ಕೊಂಡ್ರೆ ಸಾಕು ಅನ್ನೋ ಆಸೆ ಎಷ್ಟು ದೊಡ್ಡದು ಅನ್ನೋದು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ನೈಟ್ ಡ್ಯೂಟಿ ಮಾಡಿದೋರಿಗೆ ಗೊತ್ತು.

ನೀನು ಹುಟ್ಟೋಕೆ ಮುಂಚೆ ನಾನು ಬೇರೆ ಊರಿನ ಫೋನ್ ಕಾಲ್ ಜೋಡಿಸಿ ಕೊಡೋ ಟ್ರಂಕ್ ಬೋರ್ಡಲ್ಲಿ ಕೂರ್ತಿದ್ದೆ ಅಂತ ನಿಂಗೆ ಗೊತ್ತು, ಆದ್ರೆ ಆ ಕೆಲಸ ಏನು ಅಂತ ನೀನು ಯಾವತ್ತೂ ಕೇಳಿಲ್ಲ. ಜನ 180ಕ್ಕೆ ಫೋನ್ ಮಾಡಿ ಕಾಲ್ ಬುಕ್ ಮಾಡೋರು, ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ಥರ, ಲೈಟ್ನಿಂಗ್‌ಗೆ ಸಿಕ್ಕಾಪಟ್ಟೆ ದುಡ್ಡು. ಆರ್ಡಿನರಿ ಆದ್ರೆ ಲೈನ್ ಸಿಗೋಕೆ ಗಂಟೆಗಟ್ಟಲೆ ಕಾಯ್ಬೇಕು. ಕಾಯ್ತಾ ಕಾಯ್ತಾ ನಮಗೇ ಫೋನ್ ಮಾಡಿ, ಮೇಡಂ ನನ್ನ ಬಾಂಬೆ ಕಾಲ್ ಏನಾಯ್ತು ಅಂತ ಶುರು ಮಾಡಿ, ಹೆಂಡ್ತಿ ಹೆರಿಗೆಗೆ ಹೋಗಿದಾಳೆ, ಅಪ್ಪನಿಗೆ ಹುಷಾರಿಲ್ಲ, ಕೆಲಸ ಹೋಯ್ತು, ಮನೇಲಿ ಹೇಗೆ ಹೇಳ್ಲಿ, ಎಲ್ಲಾ ಹೇಳ್ಕೊಳ್ಳೋರು, ಮುಖ ನೋಡದ ನನ್ನತ್ರ. ನಾನೂ ಕೇಳಿಸ್ಕೊಳ್ತಿದ್ದೆ. ಲೈನ್ ಸಿಕ್ಕಿದ ತಕ್ಷಣ "ಮಾತಾಡಿ" ಅಂತ ಹೇಳಿ ನಾನು ಈಚೆ ಬಂದ್ಬಿಡ್ಬೇಕು. ಅಲ್ಲಿಗೆ ನನ್ನ ಕೆಲಸ ಮುಗೀತು. ಸೀನಿಯರ್‌ಗಳು ಮೊದಲು ಕಲಿಸ್ತಿದ್ದಿದ್ದೇ ಅದು, ಇಬ್ಬರು ಸಿಕ್ಕಿದ ಮೇಲೆ ನೀನು ಲೈನಲ್ಲಿ ಇರ್ಬಾರ್ದು ಅಂತ.

ನಿನ್ನ ಯಂತ್ರ ಈಚೆ ಬರೋದೇ ಇಲ್ಲ ಕಣೇ. ಮುನ್ನೂರು ಪುಟ ಅವಳ ಜೊತೆ ಮಾತಾಡತ್ತೆ, ಒಂದೇ ಒಂದು ಸಲಾನೂ ಅವಳನ್ನ ಇನ್ನೊಬ್ಬರಿಗೆ ಸಿಗೋ ಹಾಗೆ ಮಾಡಲ್ಲ. ಪಕ್ಕದ ಫ್ಲ್ಯಾಟಿನ ಕಣ್ಣು ಕಾಣದ ತಾತನ ಯಂತ್ರ ಮಾತ್ರ ಪೇಪರ್ ಓದಿ ಹೇಳಿ ಆಮೇಲೆ ಮಗನಿಗೆ ಫೋನ್ ಹಚ್ಚಿ ಕೊಡತ್ತೆ, ಅಲ್ಲಿ ನೀನು ಎಷ್ಟು ಚೆನ್ನಾಗಿ ಬರ್ದಿದೀಯ, ಆದ್ರೆ ಬರೀ ನಾಲ್ಕು ಪುಟಕ್ಕೆ ಆ ತಾತನ್ನ ಬಿಟ್ಬಿಟ್ಟಿದೀಯ. ಟೆಕ್ನಾಲಜಿ ಒಳ್ಳೇದಾ ಕೆಟ್ಟದಾ ಅಂತ ನಿನ್ನ ಪಾತ್ರಗಳು ಅಷ್ಟುದ್ದ ಚರ್ಚೆ ಮಾಡ್ತಾವಲ್ಲ, ಅದೆಲ್ಲ ತೆಗೆದು ಈ ಎರಡು ಮನೆ ಅಕ್ಕಪಕ್ಕ ಇಟ್ರೆ ಸಾಕು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಇತ್ತು, ಪಿಪಿ ಕಾಲ್ ಅಂತ. ನಂಬರ್ ಜೊತೆ ಮನುಷ್ಯರ ಹೆಸರೂ ಹೇಳಿ ಬುಕ್ ಮಾಡೋದು. ಆ ಕಡೆ ಬೇರೆ ಯಾರೋ ಎತ್ತಿದ್ರೆ ಅವರನ್ನ ಕರೀರಿ ಅಂತ ಕೇಳೋದು, ಅವರೇ ಬರ್ಬೇಕು. ಅಣ್ಣ ಇದಾನೆ ತಮ್ಮ ಇದಾನೆ ಅಂದ್ರೆ ಆಗಲ್ಲ. ಎಷ್ಟೋ ಸಲ ಅವರಿಲ್ಲ ಅಂತ ಈ ಕಡೆ ಕಾಯ್ತಿರೋರಿಗೆ ನಾನೇ ಹೇಳ್ಬೇಕಾಗ್ತಿತ್ತು, ತುಂಬಾ ಕಷ್ಟ ಆಗ್ತಿತ್ತು ಹೇಳೋಕೆ, ಆದ್ರೂ ಹೇಳ್ತಿದ್ವಿ, ನಾವೇ ಅವರ ಥರ ಮಾತಾಡಿ ಸಮಾಧಾನ ಮಾಡೋಣ ಅಂತ ಯಾರಿಗೂ ಅನ್ನಿಸ್ತಿರ್ಲಿಲ್ಲ. ನಿನ್ನ ನಾಯಕಿ ಕೇಳ್ತಿರೋದು ಒಬ್ಬನೇ ಒಬ್ಬನನ್ನ. ಅವನಿಲ್ಲ. ಇಡೀ ಕಾದಂಬರೀಲಿ ಆ ಮಾತನ್ನ ಅವಳಿಗೆ ಯಾರೂ ಹೇಳಲ್ಲ. ಮನುಷ್ಯರ ಪ್ರೀತಿ ಅಂದ್ರೆ ನಂಗೆ ಅರ್ಥ ಆಗಿರೋದು ಇಷ್ಟೇ ಪುಟ್ಟಿ, ಅವರೇ ಬೇಕು ಅನ್ನೋದು, ಅವರು ಎತ್ತದೇ ಇರ್ಬಹುದು ಅಂತ ಗೊತ್ತಿದ್ದೂ ಫೋನ್ ಮಾಡೋದು.

ಯಂತ್ರವನ್ನ ಪ್ರೀತ್ಸೋದು ಸುಳ್ಳು ಅಂತ ನಾನು ಹೇಳ್ತಿಲ್ಲ. ಜಪಾನಲ್ಲಿ ಸೋನಿ ಕಂಪನಿ 1999ರಲ್ಲಿ ಐಬೋ ಅಂತ ರೋಬೋ ನಾಯಿ ತಂತು, 2006ರಲ್ಲಿ ನಿಲ್ಲಿಸ್ತು, 2014ರಲ್ಲಿ ರಿಪೇರಿನೂ ನಿಲ್ಲಿಸ್ತು. ಆಮೇಲೆ ಜನ ಕೆಟ್ಟೋದ ನಾಯಿಗಳನ್ನ ಬೌದ್ಧ ದೇವಸ್ಥಾನಕ್ಕೆ ತಂದು ಅಂತ್ಯಕ್ರಿಯೆ ಮಾಡಿಸಿದ್ರು, ಮಂತ್ರ ಹೇಳಿಸಿ, ಧೂಪ ಹಾಕಿಸಿ. ಆ ಪ್ರೀತಿ ನಿಜಾನೇ. ಆದ್ರೆ ಅದು ಇರೋದು ಹೋಗೋದು ಕಂಪನಿ ಕೈಯಲ್ಲಿ. ನಿನ್ನ ನಾಯಕಿ ಗಂಡನ ದನಿಗೆ ತಿಂಗಳು ತಿಂಗಳು ದುಡ್ಡು ಕಟ್ತಾಳೆ ಅಂತ ಒಂದು ಸಾಲು ಬರ್ದು ಮುಂದೆ ಹೋಗಿದೀಯ, ಅಲ್ಲಿ ನಿಲ್ಲು. ದುಡ್ಡು ಕಟ್ಟೋಕಾಗದೇ ಇರೋ ತಿಂಗಳು ಆ ಮನೇಲಿ ಏನಾಗತ್ತೆ ಬರಿ.

ಮುಖ್ಯವಾಗಿ ಅವಳ ನಾದಿನಿ. ಅಣ್ಣನ್ನ ಕಳ್ಕೊಂಡೋಳು ಅವಳು, ಅವಳಿಗೆ ನೀನು ಕೊಟ್ಟಿರೋದು ಎರಡು ಪುಟ, ಅದರಲ್ಲೂ ಆಸ್ತಿ ಜಗಳ. ನಿಮ್ಮಪ್ಪ ಹೋದ್ಮೇಲೆ ನಿಮ್ಮತ್ತೆ ಬಂದು ಹದಿನೈದು ದಿನ ನನ್ನ ಜೊತೆ ಇದ್ರಲ್ಲ, ನೆನಪಿದೆಯಾ? ಒಂದಿನ ಅವರೆಕಾಯಿ ಸುಲೀತಾ ಕೂತಿದ್ವಿ, ಅವರು ಮಾತಿನ ಮಧ್ಯೆ ಹೇಳಿದ್ರು, ನಿಮ್ಮಪ್ಪ ಹೈಸ್ಕೂಲಲ್ಲಿದ್ದಾಗ ಗಣಿತದಲ್ಲಿ ಫೇಲಾಗಿ ಮನೆ ಬಿಟ್ಟು ಹೋಗಿ ರಾತ್ರಿ ಎಲ್ಲಾ ತುಮಕೂರು ಬಸ್ ಸ್ಟ್ಯಾಂಡಲ್ಲಿ ಕೂತಿದ್ರಂತೆ, ಹುಡುಕ್ಕೊಂಡು ಬಂದ ನಿಮ್ಮ ತಾತ ಬೈಯೋ ಬದ್ಲು ಇಡ್ಲಿ ತಿನ್ಸಿ ಕರ್ಕೊಂಡು ಬಂದ್ರಂತೆ. ನೀನು ಎಸ್ಸೆಸ್ಸೆಲ್ಸಿ ಪ್ರಿಪರೇಟರೀಲಿ ಕಡಿಮೆ ಮಾರ್ಕ್ಸ್ ತಂದ ದಿನ ನಿಮ್ಮಪ್ಪ ಒಂದು ಮಾತೂ ಆಡದೆ ನಿನ್ನ ಹೋಟ್ಲಿಗೆ ಕರ್ಕೊಂಡು ಹೋಗಿದ್ದು ಯಾಕೆ ಅಂತ ನಂಗೆ ಆವತ್ತು ಗೊತ್ತಾಯ್ತು. ಅಷ್ಟು ವರ್ಷ ಸಂಸಾರ ಮಾಡಿದ್ರೂ ನನ್ನತ್ರ ಅವರು ಇದನ್ನ ಹೇಳಿರ್ಲಿಲ್ಲ, ಎಲ್ಲೂ ಬರ್ದೂ ಇಟ್ಟಿರ್ಲಿಲ್ಲ. ಮೆಸೇಜಲ್ಲಿ ಇರೋದನ್ನಷ್ಟೇ ಕಲ್ತಿರೋ ಯಂತ್ರ ಇದನ್ನ ನಂಗೆ ಎಲ್ಲಿಂದ ತಂದು ಕೊಡತ್ತೆ? ನಿಮ್ಮತ್ತೆ ಕೊಟ್ರು. ಹೋದ್ಮೇಲೂ ನಿಮ್ಮಪ್ಪ ನಂಗೆ ಹೊಸದಾಗಿ ಸಿಕ್ಕಿದ್ರು.

ನಿನ್ನ ನಾಯಕಿಗೂ ಇದು ಸಿಗ್ಲಿ. ನಾದಿನಿ ಬರ್ಲಿ, ಆ ದನಿ ಕೇಳಿ "ನಮ್ಮಣ್ಣ ಹೀಗೆ ಮಾತಾಡ್ತಾನೇ ಇರ್ಲಿಲ್ಲ" ಅಂತ ಜಗಳ ಆಡ್ಲಿ, ಇಬ್ರೂ ಅಳ್ಲಿ, ಆಸ್ತಿ ವಿಷಯ ಬಗೆಹರೀದೇ ಇದ್ರೂ ಪರವಾಗಿಲ್ಲ. ಆ ಅಧ್ಯಾಯ ಬರೆಯೋಕೆ ಮುಂಚೆ ನಿಮ್ಮತ್ತೆಗೆ ಒಂದ್ಸಲ ಫೋನ್ ಮಾಡು, ಅವರತ್ರ ಇನ್ನೂ ತುಂಬಾ ಕತೆ ಇದೆ, ಅಪ್ಪನ ಬಗ್ಗೆ ನಿಂಗೆ ಗೊತ್ತಿಲ್ಲದ್ದು. ಬೆಳಗ್ಗೆ ಹತ್ತು ಗಂಟೆ ಮೇಲೆ ಮಾಡು, ಅದಕ್ಕೆ ಮುಂಚೆ ಪೂಜೇಲಿರ್ತಾರೆ, ಎತ್ತಲ್ಲ.

ನಿನ್ನ,
ಅಮ್ಮ