ದೊರೆಗೇನ್ ಗೊತ್ತು ಪಾಪ

ಗೌರಿಬಿದನೂರು

ಪ್ರೀತಿಯ ಮಗೂ,

ನಿನ್ನ ಕಾದಂಬರಿಯ ಹಸ್ತಪ್ರತಿ ನನ್ನ ಕೈಗೆ ಬಂದು ಇಪ್ಪತ್ತು ದಿನ ಆಯಿತು. ಎರಡು ಸಲ ಓದಿದೆ. ಕಾಗುಣಿತ ತಪ್ಪಿದೆ, ಅಧ್ಯಾಯಗಳು ಉದ್ದ. ಅದನ್ನೆಲ್ಲ ಯಾರಾದರೂ ತಿದ್ದುತ್ತಾರೆ ಬಿಡು. ‘ಮೂರು ಪ್ರಕಾಶಕರು ಬೇಡ ಅಂದರು, ಬರೆಯೋದೇ ಬಿಟ್ಟುಬಿಡಲಾ ಸಾರ್’ ಅಂತ ಕೇಳಿದ್ದೀಯ. ಬಿಡಬೇಡ. ಆದರೆ ನಿನ್ನ ಮೇಲೆ ಸಿಟ್ಟು ಬಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಚಿಕ್ಕಬಳ್ಳಾಪುರದ ಹುಡುಗ ನೀನು. ನಿಮ್ಮಪ್ಪ ರೇಷ್ಮೆಗೂಡು ಮಾರಿ ಓದಿಸಿದ್ದಾರೆ. ಕಾದಂಬರಿಯಲ್ಲಿ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪೂ ಇಲ್ಲ. ಬರೀ ಅರಮನೆ, ಅಂಬಾರಿ, ಮುತ್ತಿನ ಹಾರ. ಮಹಾರಾಜರು ಕೆಮ್ಮಿದರೂ ನಿನಗೆ ರೋಮಾಂಚನ. ಅರಮನೆಯೊಳಗೆ ನೀನು ಹೋಗಿದ್ದು ಟಿಕೆಟ್ ತಗೊಂಡು, ಚಪ್ಪಲಿ ಹೊರಗೆ ಬಿಟ್ಟು, ಅಲ್ವಾ? ನಾನೂ ಅಷ್ಟೇ.

ಇದು ನಿನ್ನೊಬ್ಬನ ಹುಚ್ಚಲ್ಲ. ಮೈಸೂರು ಮಹಾರಾಜರಿಗೆ ಸರ್ಕಾರದಿಂದ ವರ್ಷಕ್ಕೆ 26 ಲಕ್ಷ ರೂಪಾಯಿ ಬರುತ್ತಿದ್ದ ರಾಜಧನ 1971ರಲ್ಲೇ ನಿಂತಿತು. ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿ ಕೂರುತ್ತಾಳೆ. ಆ ಮನೆತನದವರು 2024ರಲ್ಲಿ ಎಲ್ಲರ ಹಾಗೆ ಓಟು ಕೇಳಿ ಸಂಸದರಾದರು. ನಮ್ಮ ಬಾಯಲ್ಲಿ ಇನ್ನೂ ಮಹಾರಾಜರೇ. ಬೇರೆ ದೇಶದ ರಾಜನಾದರೂ ನಮಗೆ ನಡೆಯುತ್ತದೆ. 2023ರ ಮೇ 6ರಂದು ಇಲ್ಲಿನ ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿದ್ದೆ. ನಾಲ್ಕು ದಿನ ಬಿಟ್ಟರೆ ವಿಧಾನಸಭೆ ಚುನಾವಣೆ. ಹೊರಗೆ ಪ್ರಚಾರದ ಆಟೋ ಕಿರುಚುತ್ತಿತ್ತು. ಒಳಗೆ ಎಲ್ಲರ ಕಣ್ಣೂ ಟಿವಿ ಮೇಲೆ. ಲಂಡನ್ನಿನಲ್ಲಿ ಚಾರ್ಲ್ಸ್ ತಲೆಗೆ ಕಿರೀಟ ಇಡುತ್ತಿದ್ದರು. ಅದರ ತೂಕ ಎಷ್ಟು ಅಂತ ಇಬ್ಬರು ಪಂದ್ಯ ಕಟ್ಟಿದರು. ಎರಡು ಕೆಜಿ ಮೇಲೆ ಅಂದವನು ಗೆದ್ದ. ನನ್ನ ಟೀ ತಣ್ಣಗಾಗಿತ್ತು. ನಾನೂ ನೋಡುತ್ತಾ ನಿಂತಿದ್ದೆ.

ಹಾಗೆ ನಿಂತು ನೋಡುವವರನ್ನು ಬರಿ ಕಣಪ್ಪ. ರಾಜರನ್ನು ಬರೆಯೋಕೆ ಜಾಸ್ತಿ ಜನ ಇದ್ದಾರೆ.

ನಮ್ಮಜ್ಜಿ ದೇವರ ಗೂಡಿನ ಪಕ್ಕ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೊ ಇಟ್ಟಿದ್ದಳು. ಶುಕ್ರವಾರ ವೆಂಕಟರಮಣನಿಗೆ ಇಟ್ಟ ಕುಂಕುಮ ಅವರಿಗೂ. ಗಾಜಿನ ಮೇಲೆ, ಹಣೆಯ ಜಾಗದಲ್ಲಿ, ಕೆಂಪು ಗಟ್ಟಿಯಾಗಿ ಕೂತಿತ್ತು. ಅದೇ ಅಜ್ಜಿಯ ತಮ್ಮನ ಮೀನಖಂಡದಲ್ಲಿ ಗುಂಡು ಹೊಕ್ಕ ಗುಳಿ. 1938ರ ಏಪ್ರಿಲ್ 25, ಇಲ್ಲೇ ಹತ್ತಿರದ ವಿದುರಾಶ್ವತ್ಥ. ಸ್ವಾತಂತ್ರ್ಯ ಹೋರಾಟದ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹೊಡೆದರು. ಸತ್ತವರು 32 ಅಂತ ಊರವರ ಲೆಕ್ಕ, ಸರ್ಕಾರದ ಲೆಕ್ಕ ಅದಕ್ಕಿಂತ ಕಡಿಮೆ. ಆಗ ಆಳುತ್ತಿದ್ದವರು ಗಾಜಿನೊಳಗಿನ ಅದೇ ದೊರೆ. ಒಳ್ಳೆಯ ದೊರೆ, ಗಾಂಧೀಜಿಯೇ ರಾಜರ್ಷಿ ಅಂದವರು. ಕಷ್ಟ ಇರೋದೇ ಅಲ್ಲಿ.

ಒಂದು ಸಲ ಅಜ್ಜಿಯನ್ನು ಕೇಳಿದೆ. ‘ದೊರೆಗೇನ್ ಗೊತ್ತು ಪಾಪ, ಪೊಲೀಸ್ನೋರ್ ಮಾಡಿದ್ದು’ ಅಂದಳು. ಆ ತಮ್ಮ, ನಾನು ತಾತ ಅನ್ನುತ್ತಿದ್ದವನು, ಪಕ್ಕದಲ್ಲೇ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಏನೂ ಅನ್ನಲಿಲ್ಲ. ಕಾಲನ್ನು ಪಂಚೆಯೊಳಗೆ ಎಳೆದುಕೊಂಡ.

ಮೂವತ್ತು ವರ್ಷದ ಹಿಂದೆ ಒಂದು ಪತ್ರಿಕೆಯವರು ದಸರಾ ಸಂಚಿಕೆಗೆ ಲೇಖನ ಕೇಳಿದರು. ಫೋಟೊ, ಕುಂಕುಮ, ತಾತನ ಕಾಲು, ಮೂರನ್ನೂ ಬರೆದೆ. ‘ಹಬ್ಬದ ಹೊತ್ತಲ್ಲಿ ಆ ಕಾಲು ಯಾಕೆ’ ಅಂದರು ಸಂಪಾದಕರು. ತೆಗೆದೆ. ಅವರ ಮೇಲೆ ಇವತ್ತಿಗೂ ಕೋಪ ಇದೆ, ಆದರೆ ಗೀಟು ಹಾಕಿದ ಕೈ ನನ್ನದೇ. ಓದಿದವರು ಹೊಗಳಿ ಹತ್ತಾರು ಕಾಗದ ಬರೆದರು. ನಾಚಿಕೆಗೆಟ್ಟವನು, ಅವನ್ನೆಲ್ಲ ಇನ್ನೂ ಟ್ರಂಕಿನಲ್ಲಿ ಇಟ್ಟಿದ್ದೇನೆ. ತಾತ ಮೊಮ್ಮಗಳ ಕೈಲಿ ಓದಿಸಿ ಕೇಳಿದ. ‘ಚೆನ್ನಾಗೈತೆ’ ಅಂದ, ಅಷ್ಟೇ.

ನಿನ್ನ 87ನೇ ಪುಟದಲ್ಲಿ ಪಲ್ಲಕ್ಕಿ ಹೊರುವವನು ರಾತ್ರಿ ಹೆಂಡತಿ ಕೈಲಿ ಹೆಗಲಿಗೆ ಹರಳೆಣ್ಣೆ ಹಚ್ಚಿಸಿಕೊಳ್ಳುತ್ತಾನೆ. ಮೂರೇ ಸಾಲು. ಅದನ್ನು ಎಲ್ಲಿಂದ ತಂದೆ? ನಿಮ್ಮಪ್ಪ ಊರ ಉತ್ಸವದಲ್ಲಿ ದೇವರು ಹೊರುತ್ತಾರಾ? ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಭಾನುವಾರ ಬಾ, ಮುದ್ದೆ ಉಣ್ಣು. ಮಧ್ಯಾಹ್ನದ ಮೇಲೆ ವಿದುರಾಶ್ವತ್ಥಕ್ಕೆ ಹೋಗಿಬರೋಣ. ಹಸ್ತಪ್ರತಿ ಆಗಲೇ ಕೊಡುತ್ತೇನೆ, ಅಂಚೆಗೆ ಹಾಕೋಕೆ ನನಗೆ ಭಯ.