ಸೈನ್ ಪಾಠ ಮಕ್ಕಳ ಕಿವಿಗೂ ಬೀಳಲಿ

ಸಂಪಾದಕರಿಗೆ ನಮಸ್ಕಾರ.

ಚಿಂತಾಮಣಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಮೊದಲು ರೇಡಿಯೊ, ಆಮೇಲೆ ಟಿವಿ, ಈಗ ಕೆಲವು ವರ್ಷಗಳಿಂದ ಜಾಸ್ತಿ ಬರುವುದು ಬೋರ್‌ವೆಲ್ ಮೋಟರಿನ ಮೊಬೈಲ್ ಸ್ಟಾರ್ಟರ್. ಈ ಪತ್ರ ಬರೆಯುತ್ತಿರುವುದು ನಮ್ಮ ಜಿಲ್ಲೆಯ ಪಿಯುಸಿ ಮತ್ತು ಡಿಪ್ಲೊಮಾ ಮೇಷ್ಟ್ರುಗಳಿಗೆ ಒಂದು ಮಾತು ಮುಟ್ಟಲಿ ಅಂತ. ಗಣಿತದ ಸೈನ್ (sine) ಪಾಠ ಮಾಡುವಾಗ ಬೋರ್ಡಿನ ಮೇಲೆ ಅಲೆ ಬರೆದು ನಿಲ್ಲಿಸಬೇಡಿ. ಫೋನಿನ ಟೋನ್ ಅನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಯಾಕೆ ಅಂತ ಹೇಳುತ್ತೇನೆ.

ಮೊಬೈಲ್ ಸ್ಟಾರ್ಟರ್ ಹೇಗೆ ಕೆಲಸ ಮಾಡುತ್ತದೆ ಅಂತ ನಮ್ಮ ಕಡೆ ರೈತರಿಗೆ ಗೊತ್ತು. ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಮನೆಯಿಂದ ಫೋನ್ ಮಾಡಿ 1 ಒತ್ತಿದರೆ ಮೋಟರ್ ಆನ್, 2 ಒತ್ತಿದರೆ ಆಫ್, ಕೆಲವು ಡಬ್ಬಿಗಳಲ್ಲಿ 5 ಒತ್ತಿದರೆ ಕರೆಂಟ್ ಇದೆಯಾ ಇಲ್ಲವಾ ಅಂತ ಹೇಳುತ್ತದೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೆ ಹಾವು ಚೇಳಿನ ಭಯದಲ್ಲಿ ಟಾರ್ಚ್ ಹಿಡಿದು ತೋಟಕ್ಕೆ ಹೋಗುವ ಕಷ್ಟ ಇದರಿಂದ ಎಷ್ಟೋ ತಪ್ಪಿದೆ. ಇದೆಲ್ಲ ನಡೆಯುವುದು ಎರಡು ಸೈನ್ ಅಲೆಗಳ ಮೇಲೆ. 5 ಅಂದರೆ ಒಂದು 770 ಹರ್ಟ್ಸ್ (ಸೆಕೆಂಡಿಗೆ 770 ಅಲೆ) ಸ್ವರ, ಇನ್ನೊಂದು 1336 ಹರ್ಟ್ಸ್ ಸ್ವರ, ಎರಡೂ ಒಟ್ಟಿಗೆ. ಕೀಪ್ಯಾಡಿನ ಅಡ್ಡ ಸಾಲುಗಳಿಗೆ 697, 770, 852, 941. ಕೆಳಮುಖ ಸಾಲುಗಳಿಗೆ 1209, 1336, 1477. ಈ ಅಂಕಿಗಳು ವಿಚಿತ್ರವಾಗಿ ಕಾಣುತ್ತವೆ ಅಲ್ವಾ? ಬೇಕಂತಲೇ ಹಾಗೆ ಆರಿಸಿದ್ದಾರೆ. ಒಂದು ಇನ್ನೊಂದರ ಎರಡರಷ್ಟೋ ಮೂರರಷ್ಟೋ ಆಗಬಾರದು, ಎರಡನ್ನು ಕೂಡಿದರೂ ಕಳೆದರೂ ಮೂರನೆಯದು ಬರಬಾರದು. ಇಲ್ಲದಿದ್ದರೆ ಮನುಷ್ಯನ ಮಾತನ್ನೇ ಬಟನ್ ಅಂತ ಯಂತ್ರ ತಪ್ಪಾಗಿ ತಿಳಿದುಕೊಳ್ಳುತ್ತದೆ. ಅಮೆರಿಕದ ಬೆಲ್ ಕಂಪನಿಯವರು 1963ರಲ್ಲಿ ಜನರ ಕೈಗೆ ಕೊಟ್ಟ ಪದ್ಧತಿ ಇದು. ಇವತ್ತಿಗೂ ನಮ್ಮ ಟೊಮೆಟೊ ತೋಟಕ್ಕೆ ನೀರು ಬಿಡುತ್ತಿದೆ.

ಹೋದ ಬೇಸಿಗೆಯಲ್ಲಿ ಒಬ್ಬ ರೈತರು ಡಬ್ಬಿ ತಂದು, "ಅಣ್ಣ, ಐದು ಒತ್ತಿದ್ರೆ ಒಂದ್ಸಲ ಕೇಳುತ್ತೆ, ಒಂದ್ಸಲ ಕೇಳಲ್ಲ" ಅಂದರು. ಮಾರಿದವರು ನೆಟ್‌ವರ್ಕ್ ಪ್ರಾಬ್ಲಂ ಅಂತ ಹೇಳಿ ಕೈತೊಳೆದುಕೊಂಡಿದ್ದರಂತೆ. ರಜೆಯಲ್ಲಿ ನನ್ನ ಅಂಗಡಿಗೆ ಬರುವ ಒಬ್ಬ ಡಿಪ್ಲೊಮಾ ಹುಡುಗ, ಸಿಮ್ ಖರ್ಚಿಲ್ಲದೆ ಟೇಬಲ್ ಮೇಲೇ ಡಬ್ಬಿ ಪರೀಕ್ಷೆ ಮಾಡಬಹುದು ಅಂತ ಚಿಕ್ಕ ಬೋರ್ಡಿನಲ್ಲಿ ಟೋನ್ ಹುಟ್ಟಿಸುವ ಒಂದು ಟೆಸ್ಟರ್ ಮಾಡಿದ್ದ. ಅದನ್ನು ಡಬ್ಬಿಗೆ ಜೋಡಿಸಿದೆವು. 1 ಕೇಳಿತು, 2 ಕೇಳಿತು. 5 ಮತ್ತು 8 ಮಾತ್ರ ಮೊಂಡು ಹಿಡಿದವು. ಟೋನ್ ಗುರುತಿಸುವ ಚಿಪ್ ಮೇಲೆ ಅನುಮಾನ ಬಂದು ಎರಡು ಚಿಪ್ ಬದಲಿಸಿದೆವು. ಏನೂ ಆಗಲಿಲ್ಲ.

ಆಮೇಲೆ ಅವನ ಪ್ರೋಗ್ರಾಂ ಬಿಚ್ಚಿ ಕೂತೆವು. ಡಿಜಿಟಲ್ ಟೆಲಿಫೋನಿನಲ್ಲಿ ಸದ್ದನ್ನು ಅಂಕಿಗಳಾಗಿ ಮಾಡುತ್ತಾರೆ, ಸೆಕೆಂಡಿಗೆ 8000 ಅಂಕಿ ಲೆಕ್ಕ. ಅವನೂ ಅಷ್ಟೇ ಇಟ್ಟಿದ್ದ. ಒಂದು ಪೂರ್ತಿ ಅಲೆಯನ್ನು 128 ಮನೆ ಮಾಡಿ ಪ್ರತಿ ಮನೆಯಲ್ಲೂ ಸೈನ್ ಬೆಲೆ ಬರೆದಿಟ್ಟಿದ್ದ. 770 ಹರ್ಟ್ಸ್ ಬರಬೇಕಾದರೆ ಪ್ರತಿ ಸಲ 12.32 ಮನೆ ಹಾರಬೇಕು. ಮನೆಯಲ್ಲಿ ಚೂರು ಇರುವುದಿಲ್ಲವಲ್ಲ, ಅದಕ್ಕೆ ಅವನು ಹತ್ತಿರದ ಪೂರ್ತಿ ಅಂಕಿ ಅಂತ .32 ಬಿಟ್ಟು ಸುಮ್ನೆ 12 ಹಾಕಿದ್ದ. 12 ಹಾರಿದರೆ ಬರುವುದು 770 ಅಲ್ಲ, 750! ಶೇಕಡಾ 2.6ರಷ್ಟು ತಪ್ಪು. ಈ ಚಿಪ್‌ಗಳು ಶೇಕಡಾ 1.5ರವರೆಗೆ ಹೆಚ್ಚುಕಡಿಮೆ ಇದ್ದರೆ ಖಂಡಿತ ಒಪ್ಪುತ್ತವೆ, 3.5 ದಾಟಿದರೆ ಖಂಡಿತ ತಳ್ಳುತ್ತವೆ, ನಡುವೆ ಇದ್ದರೆ ಒಂದ್ಸಲ ಹೌದು ಒಂದ್ಸಲ ಅಲ್ಲ. ನಮ್ಮ 5 ಆ ನಡುವೆ ಸಿಕ್ಕಿಹಾಕಿಕೊಂಡಿತ್ತು. 8ರದ್ದೂ ಅದೇ ಕಥೆ, 13.63 ಮನೆಗೆ ಹತ್ತಿರದ 14 ಹಾಕಿದ್ದರಿಂದ 852 ಹೋಗಿ 875 ಆಗಿತ್ತು.

ಪರಿಹಾರ ನಮ್ಮ ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ಇತ್ತು. ಚಿಲ್ಲರೆ ಬಿಡಬಾರದು, ಬಾಕಿ ಬರೆದುಕೊಂಡು ಮುಂದಕ್ಕೆ ಒಯ್ಯಬೇಕು. 12.32, 24.64, 36.96, 49.28 ಅಂತ ಕೂಡುತ್ತಾ ಹೋಗಿ, ಓದುವಾಗ ಮಾತ್ರ 12, 24, 36, 49 ಅಂತ ಪೂರ್ತಿ ಮನೆ ನೋಡಬೇಕು. ನಾಲ್ಕನೇ ಹಾರಿಕೆ 13 ಮನೆ ಆಯಿತು ನೋಡಿ. ಸೇರಿದ ಚಿಲ್ಲರೆ ಅಲ್ಲಿ ಒಂದು ರೂಪಾಯಿ ಆಯಿತು. ಹೀಗೆ ಮಾಡಿದರೆ ಸರಾಸರಿ ಸರಿಯಾಗಿ 770ಕ್ಕೆ ಬಂದು ಕೂರುತ್ತದೆ. ಇನ್ನೊಂದು ತಪ್ಪೂ ಸಿಕ್ಕಿತು. ಎರಡು ಅಲೆಗೂ 90ರ ಎತ್ತರ ಕೊಟ್ಟು ಕೂಡಿಸಿದ್ದ. ಪ್ಲಸ್ ಮೈನಸ್ ಎರಡೂ ಇಡಬೇಕಾದ ಎಂಟು ಬಿಟ್ಟಿನಲ್ಲಿ 127ಕ್ಕಿಂತ ದೊಡ್ಡ ಅಂಕಿ ಹಿಡಿಸುವುದಿಲ್ಲ, ಹಾಗಾಗಿ 180 ಹೋಗಿ ಮೈನಸ್ 76 ಆಗಿ ಅಲೆಯ ತಲೆಯೇ ಕೆಳಗೆ ಬೀಳುತ್ತಿತ್ತು. ಕಿವಿಯಿಟ್ಟು ಕೇಳಿದರೆ ಟೋನಿನ ಒಳಗೆ ಕರಕರ ಅನ್ನುವ ಸದ್ದು. ಎತ್ತರ 60ಕ್ಕೆ ಇಳಿಸಿದ ಮೇಲೆ ಸ್ವಚ್ಛವಾಯಿತು.

ಟೆಸ್ಟರ್ ಸರಿಯಾದ ಮೇಲೆ ಡಬ್ಬಿ ಹತ್ತಕ್ಕೆ ಹತ್ತು ಸಲ 5 ಕೇಳಿತು. ಅಂದರೆ ಡಬ್ಬಿಯಲ್ಲಿ ದೋಷ ಇಲ್ಲ, ದೋಷ ದಾರಿಯಲ್ಲಿ. ಬಹಳ ಜನಕ್ಕೆ ಗೊತ್ತಿಲ್ಲ, ಮಾಮೂಲಿ ಮೊಬೈಲ್ ಕರೆಯಲ್ಲಿ ಬಟನ್ ಒತ್ತಿದಾಗ ನಮ್ಮ ಫೋನು ಆ ಟೋನನ್ನು ಮಾತಿನ ಜೊತೆ ಕಳಿಸುವುದಿಲ್ಲ. "5 ಒತ್ತಿದ್ದಾರೆ" ಅಂತ ಒಂದು ಸಂದೇಶ ಕಳಿಸುತ್ತದೆ, ಟೋನ್ ಹುಟ್ಟುವುದು ಕಂಪನಿಯ ಎಕ್ಸ್‌ಚೇಂಜಿನಲ್ಲಿ. ಅಲ್ಲಿಂದ ತೋಟದ ಡಬ್ಬಿಗೆ ಬರುವಾಗ ಅದು ಮಾತನ್ನು ಹಿಂಡಿ ಚಿಕ್ಕದು ಮಾಡುವ ಗಾಣದ ಮೂಲಕ ಬರಬೇಕು. ಆ ಗಾಣ ಮನುಷ್ಯನ ದನಿಗೆ ಅಂತ ಮಾಡಿದ್ದು. ಸಿಗ್ನಲ್ ಕಡಿಮೆ ಇದ್ದರೆ ಇನ್ನೂ ಗಟ್ಟಿಯಾಗಿ ಹಿಂಡುತ್ತದೆ, ಟೋನ್ ಕೆಡುತ್ತದೆ. ಆ ರೈತರ ಶೆಡ್ಡಿನಲ್ಲಿ ಆಂಟೆನಾ ತಗಡಿನ ಕೆಳಗೆ ಇತ್ತು. ಹೊರಗೆ ಕಂಬಕ್ಕೆ ಕಟ್ಟಿದೆವು, ಅವತ್ತಿಂದ ದೂರು ಬಂದಿಲ್ಲ. ಮಾರಿದವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಆದರೆ ಯಾಕೆ, ಏನು ಅಂತ ಹೇಳದೆ ನೆಟ್‌ವರ್ಕ್ ಅಂತ ಒಂದು ಮಾತು ಬಿಸಾಕಿದರೆ ರೈತ ಏನು ಮಾಡಬೇಕು?

ಈಗ ಪಾಠದ ವಿಷಯ. ಆ ಹುಡುಗ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದವನು. ಸೈನ್ ಸೂತ್ರಗಳು ಬಾಯಿಪಾಠ. ಆದರೆ ಆ ಸೈನ್ ಕಿವಿಗೆ ಕೇಳುತ್ತದೆ ಅಂತ ಯಾರೂ ಅವನಿಗೆ ತೋರಿಸಿರಲಿಲ್ಲ. ತೋರಿಸಲು ಲ್ಯಾಬೇ ಬೇಕು ಅಂತಿಲ್ಲ. ನಮ್ಮ ದೇಶದ ಲ್ಯಾಂಡ್‌ಲೈನ್ ಟೋನ್‌ಗಳ ಬೇರು 400 ಹರ್ಟ್ಸ್. ಎಂಗೇಜ್ ಟೋನ್ ಅಂದರೆ ಅದನ್ನೇ ಮುಕ್ಕಾಲು ಸೆಕೆಂಡ್ ಕೇಳಿಸಿ ಮುಕ್ಕಾಲು ಸೆಕೆಂಡ್ ನಿಲ್ಲಿಸುವುದು. 8000ವನ್ನು 400ರಿಂದ ಭಾಗಿಸಿದರೆ ಸರಿಯಾಗಿ 20. ಅಂದರೆ ಒಂದು ಅಲೆಗೆ 20 ಅಂಕಿ ಸಾಕು, ಚಿಲ್ಲರೆಯ ತಾಪತ್ರಯವೇ ಇಲ್ಲ. ಸೈನ್ ಬೆಲೆಯನ್ನು ನೂರರಿಂದ ಗುಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಬಹುದು: 0, 31, 59, 81, 95, 100. ಮತ್ತೆ ಅದೇ ದಾರಿಯಲ್ಲಿ ಇಳಿಯುವುದು, ಆಮೇಲೆ ಮೈನಸ್ ಕಡೆಗೆ ಹೋಗಿ ಬರುವುದು. ಇದನ್ನು ಶಾಲೆಯ ಕಂಪ್ಯೂಟರಿಗೆ ಕೊಟ್ಟು ಸೆಕೆಂಡಿಗೆ 8000ದ ಲೆಕ್ಕದಲ್ಲಿ ಮತ್ತೆ ಮತ್ತೆ ಓದಿಸಿದರೆ ಹಳೇ ಫೋನಿನ ಎಂಗೇಜ್ ಟೋನಿನ ಸ್ವರ ಕಣ್ಣೆದುರೇ ಹುಟ್ಟುತ್ತದೆ.

ಈ ಅಂಕಿಗಳ ನಡುವಿನ ಅಂತರ ಬರೆಯಿರಿ: 31, 28, 22, 14, 5. ಆ ಅಂತರ ಎಷ್ಟೆಷ್ಟು ಇಳಿಯಿತು? 3, 6, 8, 9. ಅಂದರೆ 31ರಲ್ಲಿ ನಿಂತಾಗ 3, 59ರಲ್ಲಿ 6, 81ರಲ್ಲಿ 8, 95ರಲ್ಲಿ 9. ಪ್ರತಿ ಸಲ ಆಗಿನ ಅಂಕಿಯ ಸುಮಾರು ಹತ್ತನೇ ಒಂದು ಪಾಲು! ಇದನ್ನು ಕಂಡಾಗ ಹುಡುಗನ ಜೊತೆ ನಾನೂ ಒಂದು ನಿಮಿಷ ಸುಮ್ಮನೆ ಕೂತೆ. ಆರ್ಯಭಟ 499ರಲ್ಲಿ ಬರೆದ ಜ್ಯಾ (ಅಂದರೆ ಸೈನ್) ಪಟ್ಟಿಯೂ ಹೀಗೇ ಇದೆ. ಅವನು ಬೆಲೆ ಕೊಟ್ಟಿಲ್ಲ, ಅಂತರ ಕೊಟ್ಟಿದ್ದಾನೆ: 225, 224, 222, 219, 215 ಅಂತ. ಇಳಿತ 1, 2, 3, 4. ಈ ನಿಯಮವನ್ನೇ ಇಟ್ಟುಕೊಂಡು ಇವತ್ತು ಚಿಪ್‌ಗಳಲ್ಲಿ ಟೋನ್ ಹುಟ್ಟಿಸಬಹುದು. ಪಟ್ಟಿ ಬೇಡ, ಹಿಂದಿನ ಎರಡು ಅಂಕಿ ನೆನಪಿದ್ದರೆ ಸಾಕು. ಹಿಂದಿನದನ್ನು 1.6453ರಿಂದ ಗುಣಿಸಿ ಅದರ ಹಿಂದಿನದನ್ನು ಕಳೆದರೆ 770 ಹರ್ಟ್ಸಿನ ಮುಂದಿನ ಅಂಕಿ ಬರುತ್ತದೆ. ಒಂದು ಗುಣಾಕಾರ, ಒಂದು ಕಳೆಯುವುದು, ಅಷ್ಟೇ.

ಹಳ್ಳಿಗಳಿಗೆ ಡಿಜಿಟಲ್ ಎಕ್ಸ್‌ಚೇಂಜ್ ಬೇಕು ಅಂತ 1984ರಲ್ಲಿ ಸಿ-ಡಾಟ್ ಅನ್ನುವ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆ ಶುರುವಾಗಿ, 1986ರಲ್ಲಿ ಅದರ ಮೊದಲ ಹಳ್ಳಿ ಎಕ್ಸ್‌ಚೇಂಜ್ ಬಂದದ್ದು ನಮ್ಮ ರಾಜ್ಯದ ಕಿತ್ತೂರಿಗೆ. ಅಂಥ ಕೆಲಸ ಮಾಡಿದ ನೆಲದ ಮಕ್ಕಳಿಗೆ ಒಂದು ಎಂಗೇಜ್ ಟೋನ್ ಮಾಡಲು ಬರುವುದಿಲ್ಲ ಅಂದರೆ ತಪ್ಪು ಮಕ್ಕಳದ್ದಲ್ಲ.

ಹಾಗಾಗಿ ಮೇಷ್ಟ್ರುಗಳೇ, ಈ ವರ್ಷ ಸೈನ್ ಪಾಠಕ್ಕೆ ಒಂದೇ ಒಂದು ಪೀರಿಯಡ್ ಜಾಸ್ತಿ ಕೊಡಿ. ಮೊದಲ ದಿನ 400, ಸಾಧ್ಯವಾದರೆ ಮಾರನೇ ದಿನ 5ರ ಬಟನ್. ಸಂಪಾದಕರೇ, ವಿದ್ಯಾರ್ಥಿಗಳ ಪುಟದಲ್ಲಿ ಆ 20 ಅಂಕಿಗಳನ್ನು ಒಮ್ಮೆ ಅಚ್ಚು ಹಾಕಿ. ಹುಡುಗ ಮಾಡಿದ ಟೆಸ್ಟರ್ ನನ್ನ ಟೇಬಲ್ ಮೇಲೇ ಇದೆ, ಯಾವ ಶಾಲೆಯವರು ಕೇಳಿದರೂ ಎರಡು ದಿನಕ್ಕೆ ಕೊಡುತ್ತೇನೆ.

ಇಂತಿ,
ರಿಪೇರಿ ಅಂಗಡಿಯ ಒಬ್ಬ ಓದುಗ,
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ